ತೊಟ್ಟಿಲಲ್ಲಿ ಮಲಗಿದವರೆಲ್ಲ ನಮ್ಮನೆಯವರೇ

ಸಣ್ಣ ಮಕ್ಕಳಿರುವ ಮನೆಗೆ ಇನ್ನೊಂದು ಮಗು ಬರುತ್ತದೆ ಅಂತ ಗೊತ್ತಾದ ದಿನದಿಂದ, ಅದು ಬಂದು ತೊಟ್ಟಿಲಲ್ಲಿ ಮಲಗುವ ದಿನದವರೆಗೆ, ಆ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ನಡೆಯುವುದಿಲ್ಲ. ಬೆಳಗಿನ ಕಾಫಿಗೆ ಕೂತರೆ ಒಂದು ಪ್ರಸಂಗ, ಸಂಜೆ ಚಪ್ಪಲಿ ಹುಡುಕಿದರೆ ಇನ್ನೊಂದು. ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದಾಗ ಇನ್ನು ಹೊತ್ತು ಹೋಗುವುದು ಹೇಗಪ್ಪಾ ಅಂತ ಕೊರಗಿದವನು ನಾನು. ಈಗ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹೋದ ವರ್ಷದ ಒಂಬತ್ತು ತಿಂಗಳಲ್ಲಿ ನಡೆದದ್ದನ್ನೆಲ್ಲ ಹೇಳಿದರೆ ನೀವು ನಂಬುವುದಿಲ್ಲ. ಹಾಗಾಗಿ ನಂಬುವಂಥ ಕೆಲವನ್ನು ಮಾತ್ರ ಆರಿಸಿ ಹೇಳುತ್ತೇನೆ.

ಒಗ್ಗರಣೆ ನಿಂತ ಮನೆ

ನಮ್ಮ ಮನೆ ಬಸವೇಶ್ವರನಗರದಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಮಗ, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಸೊಸೆ, ಅವರಿಬ್ಬರ ಮಕ್ಕಳು. ದೊಡ್ಡವಳು ಪುಟ್ಟಿ, ಆರು ವರ್ಷ, ಒಂದನೇ ಕ್ಲಾಸು. ಅವಳ ತಮ್ಮನಿಗೆ ನಾಲ್ಕು. ಅವನನ್ನು ನಾವೆಲ್ಲ ಚಿಕ್ಕೋನು ಅನ್ನುತ್ತೇವೆ. ಈ ಹೆಸರು ಇನ್ನು ಹೆಚ್ಚು ದಿನ ಬಾಳುವುದಿಲ್ಲ ಅಂತ ಒಂದು ಭಾನುವಾರ ಬೆಳಿಗ್ಗೆ ಗೊತ್ತಾಯಿತು.

ಮೂರನೆಯದು. ನಾವು ಯಾರೂ ಎಣಿಸಿರಲಿಲ್ಲ. ಸೊಸೆ ನಾಚಿಕೊಂಡು ಹೇಳಿದಳು, ಮಗ ಗೋಡೆ ನೋಡಿದ, ನಾನು ಖುಷಿಯಿಂದ ಎದ್ದು ನಿಂತು ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತೆ. ನಾವು ಆರು ಜನ ಮಕ್ಕಳು, ನಮ್ಮ ತಂದೆ ಮತ್ತು ಅವರ ಒಡಹುಟ್ಟಿದವರು ಎಂಟು ಜನ. ಮೂರು ಅಂದರೆ ನನ್ನ ಕಿವಿಗೆ ಈಗ ತಾನೇ ಶುರುವಾಯಿತು ಅನ್ನುವ ಹಾಗಿತ್ತು. ಆದರೆ ಹೆಂಡತಿ ತಕ್ಷಣ ಆಜ್ಞೆ ಹೊರಡಿಸಿದಳು. "ಮೂರು ತಿಂಗಳು ತುಂಬೋವರೆಗೆ ಯಾರ ಹತ್ರಾನೂ ಬಾಯಿ ಬಿಡೋ ಹಾಗಿಲ್ಲ. ಮುಖ್ಯವಾಗಿ ನೀವು."

ನಾನು ಬಾಯಿ ಬಿಡಲಿಲ್ಲ. ಬಿಟ್ಟದ್ದು ನಮ್ಮ ಅಡಿಗೆಮನೆ. ಸೊಸೆಗೆ ಸಾಸಿವೆ ಸಿಡಿದ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ಇಂಗು ಅಂದರೆ ಇನ್ನೂ ಕಷ್ಟ. ಹಾಗಾಗಿ ಮನೆಯಲ್ಲಿ ಒಗ್ಗರಣೆ ನಿಂತಿತು. ಸಾರು, ಪಲ್ಯ, ಚಿತ್ರಾನ್ನ, ಎಲ್ಲ ಬೋಳು.

ನಮ್ಮ ರಸ್ತೆ ಎಂಥದ್ದು ಅಂದರೆ, ಬೆಳಿಗ್ಗೆ ಎಂಟಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಯಾರ ಮನೆಯಲ್ಲಿ ಏನು ತಿಂಡಿ ಅಂತ ಮೂಗೇ ಹೇಳುತ್ತದೆ. ಹತ್ತು ದಿನ ಕಳೆದಿರಬೇಕು. ನಾನು ಗೇಟಿನ ಹತ್ತಿರ ಪೇಪರ್ ಹಿಡಿದು ನಿಂತಿದ್ದೆ. ಎದುರುಮನೆಯಾಕೆ, ಹೆಡ್‌ಮಿಸ್ ಆಗಿದ್ದವರು, ರಂಗೋಲಿ ಡಬ್ಬಿ ಹಿಡಿದುಕೊಂಡೇ ಬಂದರು.

"ಏನ್ ಸಾರ್, ನಿಮ್ಮನೇಲಿ ಒಗ್ಗರಣೆ ನಿಂತು ಹತ್ತು ದಿನ ಆಯ್ತಲ್ಲ. ಸೊಸೆಗೆ ಎಷ್ಟು ತಿಂಗಳು?"

ನಾನು ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ. ಆದರೂ ಆಜ್ಞೆ ನೆನಪಾಯಿತು. "ಹಾಗೇನಿಲ್ಲ. ಡಾಕ್ಟ್ರು ಒಗ್ಗರಣೆ ತಿನ್ನಬೇಡಿ ಅಂದಿರೋದು ನನಗೆ" ಅಂದೆ.

ಆಕೆ ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ರಂಗೋಲಿ ಡಬ್ಬಿಯ ಮುಚ್ಚಳ ಹಾಕಿ, "ಸರಿ ಬಿಡಿ. ಹಾಗಾದ್ರೆ ನಿಮಗೆ ಎಷ್ಟು ತಿಂಗಳು?" ಅಂದರು.

ಗೇಟ್ ಪಾಸ್ ಇಲ್ಲದೆ ಹೋದದ್ದು

ಐದನೆಯ ತಿಂಗಳಲ್ಲಿ ಮಕ್ಕಳಿಗೆ ಹೇಳಿದೆವು. ಚಿಕ್ಕೋನು "ಅದಕ್ಕೆ ನನ್ನ ಕಾರು ಕೊಡಲ್ಲ" ಅಂತ ಒಂದೇ ಮಾತಿನಲ್ಲಿ ವ್ಯವಹಾರ ಮುಗಿಸಿ ಆಟಕ್ಕೆ ಹೋದ. ಪುಟ್ಟಿ ಮಾತ್ರ ಎರಡು ದಿನ ಆಟಕ್ಕೇ ಹೋಗಲಿಲ್ಲ. ಮೂರನೆಯ ದಿನ ನಾನು ವರಾಂಡದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಾಗ ಪಕ್ಕಕ್ಕೆ ಬಂದಳು.

"ತಾತ, ಆ ಪಾಪು ನಮ್ಮನೇದೇ ಅಂತ ಹೇಗೆ ಗೊತ್ತಾಗುತ್ತೆ?"

"ಅಂದ್ರೆ?"

"ಆಸ್ಪತ್ರೇಲಿ ತುಂಬಾ ಪಾಪುಗಳು ಇರ್ತಾವಂತೆ. ಎಲ್ಲಾ ಒಂದೇ ಥರ ಇರ್ತಾವಂತೆ. ನಮ್ಮ ಕ್ಲಾಸ್ ಹುಡುಗಿ ಹೇಳಿದ್ಲು. ಬೇರೆಯವರದ್ದು ಕೊಟ್ಟುಬಿಟ್ರೆ?"

ಅವಳ ಕಣ್ಣಲ್ಲಿ ನೀರು ಇಣುಕುತ್ತಿತ್ತು. ಇಂಥ ಹೊತ್ತಿಗೆ ಬಿಎಸ್ಸಿ ಓದಿದ ತಾತ ವಿಜ್ಞಾನ ಹೇಳಬೇಕಿತ್ತು. ನಾನು ತೊಟ್ಟಿಲಿನ ಕತೆ ಹೇಳಿದೆ.

ಆ ತೊಟ್ಟಿಲಿಗೆ ಒಂದು ಚರಿತ್ರೆಯೇ ಇದೆ. ನನ್ನ ಮಗ ಹುಟ್ಟಿದಾಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ಎಂಟು ಮನೆ, ಒಂದು ನಲ್ಲಿ. ನಮ್ಮ ಕಾರ್ಖಾನೆಯ ಬಡಗಿಯೊಬ್ಬ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದಿನಾ ಅರ್ಧ ಗಂಟೆ ಕೂತು, ಎರಡು ತಿಂಗಳಲ್ಲಿ ಅದನ್ನು ಮಾಡಿಕೊಟ್ಟ. ತೇಗದ್ದು. ನಾಲ್ಕು ಮೂಲೆಗೆ ನಾಲ್ಕು ಗಿಳಿ. ವಠಾರದಲ್ಲಿ ನೀರಿಗೆ ಹೋಗುವವರು ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯಲ್ಲಿ ತೊಟ್ಟಿಲು ತೂಗಿಕೊಂಡು ಹೋಗುತ್ತಿದ್ದರು. ನಲ್ಲಿಯಲ್ಲಿ ನೀರು ಬರುವ ದಿನ ನನ್ನ ಮಗ ತುಂಬಾ ಚೆನ್ನಾಗಿ ನಿದ್ದೆ ಮಾಡುತ್ತಿದ್ದ. ಹಲ್ಲು ಬಂದಾಗ ಒಂದು ಗಿಳಿಯ ಕೊಕ್ಕನ್ನು ಕಚ್ಚಿ ಕಚ್ಚಿ ಮೊಂಡು ಮಾಡಿದ. ಮುಂದೆ ಪುಟ್ಟಿ ಅದರಲ್ಲೇ ಮಲಗಿದಳು, ಚಿಕ್ಕೋನೂ ಮಲಗಿದ.

"ನೋಡು ಪುಟ್ಟಿ, ನಿಮ್ಮಪ್ಪ ಆ ತೊಟ್ಟಿಲಲ್ಲಿ ಮಲಗಿದ, ನಮ್ಮನೆಯವನಾದ. ನೀನು ಮಲಗಿದೆ, ನಮ್ಮನೆಯವಳಾದೆ. ಅದರಲ್ಲಿ ಮಲಗಿದವರೆಲ್ಲ ನಮ್ಮನೆಯವರೇ. ಪಾಪುನೂ ತಂದು ಅದರಲ್ಲಿ ಮಲಗಿಸಿದ್ರೆ ಮುಗೀತು, ಯಾರೂ ಬದಲಾಯಿಸೋಕಾಗಲ್ಲ."

ಅವಳ ಮುಖ ಅರಳಿತು. "ಹಾಗಾದ್ರೆ ತೊಟ್ಟಿಲು ಎಲ್ಲಿ?"

"ಅಟ್ಟದ ಮೇಲೆ" ಅಂದೆ. ಅಂದವನ ಕೈ ಅವರೆಕಾಯಿಯ ಮೇಲೇ ನಿಂತಿತು. ಅಟ್ಟದ ಮೇಲೆ ಇರಲಿಲ್ಲ. ಮೂರು ವರ್ಷದ ಹಿಂದೆ, ನಮ್ಮನೆಯ ಮಕ್ಕಳ ಲೆಕ್ಕ ಎರಡಕ್ಕೆ ಮುಗಿಯಿತು ಅಂತ ತೀರ್ಮಾನಿಸಿ, ಯಾರೋ ಕೇಳಿದರು ಅಂತ ಕೊಟ್ಟುಬಿಟ್ಟಿದ್ದೆ. ಯಾರಿಗೆ ಅನ್ನುವುದೇ ನೆನಪಿಗೆ ಬರಲಿಲ್ಲ.

ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. "ಪಾಪು ಬರೋಷ್ಟರಲ್ಲಿ ತರ್ತೀಯಾ?" ಅಂದಳು. "ತರ್ತೀನಿ, ಮಾತು ಕೊಟ್ಟೆ" ಅಂದೆ. ಅಂದಿನಿಂದ ಸ್ಕೂಲ್ ವ್ಯಾನು ಇಳಿದ ಕೂಡಲೇ ಅವಳ ಮೊದಲ ಮಾತು, "ಸಿಕ್ತಾ?"

ನಾನು ಕಾರ್ಖಾನೆಯಲ್ಲಿ ಇದ್ದದ್ದು ಸ್ಟೋರ್ಸ್‌ನಲ್ಲಿ. ಚೀಟಿ ಇಲ್ಲದೆ ಒಂದು ಸ್ಪ್ಯಾನರ್ ಕೊಟ್ಟವನಲ್ಲ. ಗೇಟ್ ಪಾಸ್ ಇಲ್ಲದೆ ಒಂದು ನಟ್ಟು ಹೊರಗೆ ಬಿಟ್ಟವನಲ್ಲ. ಜನರಲ್ ಮ್ಯಾನೇಜರಿಗೇ "ಸಹಿ ಹಾಕಿ ಸಾರ್" ಅಂತ ಸುತ್ತಿಗೆ ಹಿಂದಕ್ಕೆಳೆದುಕೊಂಡವನು. ಇದನ್ನು ನಾನು ಊಟದ ಹೊತ್ತಿನಲ್ಲಿ ಸಾವಿರ ಸಲ ಹೇಳಿಕೊಂಡಿದ್ದೆ. ಹೆಂಡತಿ ಅಂದು ಬಡಿಸುತ್ತಾ ಮೆತ್ತಗೆ ಕೇಳಿದಳು, "ಅಲ್ಲಾ ರೀ, ನಟ್ಟುಬೋಲ್ಟು ಎಲ್ಲಾ ಸರಿಯಾಗಿ ವಾಪಸ್ ಬಂದ್ವಲ್ಲ?"

ಕುರುಬರಹಳ್ಳಿಯ ನಮ್ಮನೆಯವನು

ಮೂರು ತಿಂಗಳು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕುರುಬರಹಳ್ಳಿಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿ. ಆಗ ಅವನಿಗೆ ಮೊಮ್ಮಗ ಹುಟ್ಟಿದ್ದ. ಶನಿವಾರ ಪುಟ್ಟಿಯನ್ನು ಕರೆದುಕೊಂಡೇ ಹೋದೆ.

ಗೆಳೆಯ ಅಪ್ಪಿಕೊಂಡ. ಹಳೆಯ ಕ್ಯಾಂಟೀನಿನ ವಡೆ, ಸೈರನ್ನು, ಮೂರನೇ ಶಿಫ್ಟಿನಲ್ಲಿ ನಿದ್ದೆ ಹೋಗಿ ಸಿಕ್ಕಿಬಿದ್ದ ಫೋರ್‌ಮನ್ನು, ಎಲ್ಲ ಆಯಿತು. ತೊಟ್ಟಿಲಿನ ಮಾತು ಬಂದದ್ದು ಎರಡನೇ ಕಾಫಿಗೆ.

"ಅಯ್ಯೋ ಮಾರಾಯ, ಅದನ್ನ ವಾಪಸ್ ತರೋಣ ಅಂತಾನೇ ಇದ್ದೆ ಕಣೋ. ನಮ್ಮನೆಯವಳು ಬಿಡಲಿಲ್ಲ. ಬರೀ ತೊಟ್ಟಿಲು ಇನ್ನೊಬ್ಬರ ಮನೆಗೆ ಹೊತ್ಕೊಂಡು ಹೋಗಬಾರದಂತೆ, ಮಗು ಇರೋ ಮನೆಗೇ ಕೊಡಬೇಕಂತೆ. ಮಲ್ಲತ್ತಹಳ್ಳೀಲಿ ನಮ್ಮ ಬೀಗರ ಮನೆಗೆ ಕೊಟ್ವಿ."

ನಮ್ಮ ಮಾತು ನಡೆಯುತ್ತಿದ್ದಾಗ ಅವರ ಮೊಮ್ಮಗ, ಮೂರು ವರ್ಷದವನು, ಬಿಸ್ಕತ್ತು ಚೀಪುತ್ತಾ ಪುಟ್ಟಿಯನ್ನು ನೋಡುತ್ತಿದ್ದ. ಪುಟ್ಟಿ ಅವನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿದಳು.

"ತಾತ, ಇವನು ಆ ತೊಟ್ಟಿಲಲ್ಲಿ ಮಲಗಿದ್ನಾ?"

"ಹೂಂ ಮರಿ, ಎಂಟು ತಿಂಗಳು" ಅಂದ ನನ್ನ ಗೆಳೆಯ, ಮುಂದಿನದು ತಿಳಿಯದೆ.

"ಹಾಗಾದ್ರೆ ಇವನು ನಮ್ಮನೆಯವನು" ಅಂದಳು ಪುಟ್ಟಿ. ಅವನ ಕೈ ಹಿಡಿದು, "ಬಾರೋ, ಮನೆಗೆ ಹೋಗೋಣ" ಅಂತ ಬಾಗಿಲ ಕಡೆ ನಡೆದಳು.

ಮಕ್ಕಳು ಅಳುತ್ತವೆ, ಅಮ್ಮನ ಸೆರಗು ಹಿಡಿಯುತ್ತವೆ ಅಂತ ನಾವು ತಿಳಿದಿರುತ್ತೇವೆ. ಆ ಹುಡುಗ ಹಿಂದೆ ತಿರುಗಿಯೂ ನೋಡಲಿಲ್ಲ. ಸ್ಟ್ಯಾಂಡಿನಿಂದ ಚಪ್ಪಲಿ ಎಳೆದು, ಬಲಗಾಲಿನದು ಎಡಕ್ಕೆ ಎಡಗಾಲಿನದು ಬಲಕ್ಕೆ ಹಾಕಿಕೊಂಡು, ಮನೆಯವರಿಗೆಲ್ಲ ಕೈ ಬೀಸಿದ. ಅವನಮ್ಮ ಒಳಗಿಂದ ಬಂದು, "ಹೋಗ್ತೀಯೇನೋ? ಹೋಗು. ಅಲ್ಲೂ ಹೋಮ್‌ವರ್ಕ್ ಇದೆ ಅಂತ ಹೇಳಿದ್ದಾರಾ ನೋಡು" ಅಂದ ಮೇಲೆ ಚಪ್ಪಲಿ ಬಿಚ್ಚಿದ.

ತಾನೇ ತೂಗುವ ತೊಟ್ಟಿಲು

ಮಲ್ಲತ್ತಹಳ್ಳಿಯವರು ಹಳೆಯ ಊರಿನವರು. ಕೆರೆಯ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಮೂರು ಮಹಡಿಯ ಮನೆ. ಮನೆಯ ಯಜಮಾನಿ, ನನಗಿಂತ ಹತ್ತು ವರ್ಷ ದೊಡ್ಡ ಅಜ್ಜಿ, ಜಗಲಿಯಲ್ಲೇ ಕೂರಿಸಿ ಎಳನೀರು ಕೊಟ್ಟರು.

"ಗಿಳಿ ತೊಟ್ಲಾ? ಅದು ಇಲ್ಲೆಲ್ಲೈತೆ ಸಾಮಿ. ನಮ್ಮ ದೊಡ್ಡ ಕೂಸು ನಡೆಯಂಗಾದ ಮ್ಯಾಕೆ ಕೆಂಗೇರೀಲಿ ನನ್ನ ತಂಗಿ ಮೊಮ್ಮಗೀಗೆ ಕಳಿಸ್ದೊ. ಆಮ್ಯಾಕೆ ನಮ್ಮನೇಲೇ ಇನ್ನೊಂದು ಹುಟ್ತು. ನಮ್ಮ ಹುಡುಗ ಹೊಸಾದು ತಂದವ್ನೆ, ಬನ್ನಿ ತೋರುಸ್ತೀನಿ. ಸದ್ದು ಮಾಡಬ್ಯಾಡಿ."

ಒಳಗೆ ಎರಡು ತಿಂಗಳ ಕೂಸು. ಅದು ಮಲಗಿದ್ದ ತೊಟ್ಟಿಲನ್ನು ನೋಡಿ ನನಗೆ ನಮ್ಮ ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್ ನೆನಪಾಯಿತು. ಹಸಿರು ದೀಪ, ಕೆಂಪು ದೀಪ, ನಾಲ್ಕು ಗುಂಡಿ. ಮಗು ಅತ್ತರೆ ತಾನೇ ತಿಳಿದುಕೊಂಡು ತೂಗುತ್ತದಂತೆ, ಜೊತೆಗೆ ಜೋಗುಳದ ಹಾಗೆ ಏನೋ ನುಡಿಸುತ್ತದಂತೆ.

ನನಗೆ ಒಂದು ಸೀನು ಬಂತು. ತಡೆದೆ. ಮೂಗು ಹಿಡಿದೆ. ಸ್ಟೋರ್ಸ್‌ನ ಧೂಳಿನಲ್ಲಿ ಬೆಳೆದ ಸೀನು, ನಿಲ್ಲಲಿಲ್ಲ. ತೊಟ್ಟಿಲು ಬೆಚ್ಚಿಬಿದ್ದು ತೂಗಲು ಶುರುಮಾಡಿತು, ಕೆಂಪು ದೀಪ ಹೊತ್ತಿತು, ಜೋಗುಳ ಎದ್ದಿತು. ನೆಮ್ಮದಿಯಾಗಿ ಮಲಗಿದ್ದ ಮಗು ಕಣ್ಣು ಬಿಟ್ಟು ಕಿರುಚಿತು. ಅಳು ಕೇಳಿ ತೊಟ್ಟಿಲು ಇನ್ನೂ ಜೋರಾಗಿ ತೂಗಿತು. ಅದು ಜೋರಾದಷ್ಟೂ ಮಗು ಜೋರಾಯಿತು. ನಾನು ಗುಂಡಿ ಒತ್ತಲು ಹೋಗಿ ಜೋಗುಳವನ್ನು ಇನ್ನಷ್ಟು ದೊಡ್ಡದು ಮಾಡಿದೆ.

ಅಜ್ಜಿ ನಿಧಾನಕ್ಕೆ ಬಂದು, ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಮಗು ಸುಮ್ಮನಾಯಿತು. ಬರಿದಾದ ತೊಟ್ಟಿಲು ಮಾತ್ರ ಬಿಡದೆ ತೂಗುತ್ತಾ ಹಾಡುತ್ತಲೇ ಇತ್ತು. ಅಜ್ಜಿ ಅದನ್ನು ಕರುಣೆಯಿಂದ ನೋಡಿ ಅಂದರು, "ಮಗಾನ ಮಲಗುಸ್ಬೋದು ಸಾಮಿ. ಇದನ್ನ ಮಲಗ್ಸೋದೇ ಕಷ್ಟ."

ಆಸ್ಪತ್ರೆಯ ಚೀಲ

ಕೆಂಗೇರಿಗೆ ಮಾರನೆಯ ದಿನವೇ ಹೊರಡಬೇಕೆಂದಿದ್ದೆ. ಆಗಲಿಲ್ಲ. ನನ್ನ ಹಲ್ಲುಸೆಟ್ಟು ಕಾಣೆಯಾಯಿತು.

ಒಂಬತ್ತನೇ ತಿಂಗಳು ನಡೆಯುತ್ತಿತ್ತು. ಸೊಸೆ ಆಸ್ಪತ್ರೆಗೆ ಒಯ್ಯುವ ಚೀಲವನ್ನು ಮುಂಚೆಯೇ ಸಿದ್ಧಮಾಡಿ ಬೀರು ಪಕ್ಕ ಇಟ್ಟಿದ್ದಳು. ಮನೆಯಲ್ಲಿ ಅದೊಂದು ಪವಿತ್ರ ವಸ್ತು, ಯಾರೂ ಮುಟ್ಟುವ ಹಾಗಿರಲಿಲ್ಲ. ನಾನೋ, ಹಲ್ಲಿಲ್ಲದೆ ಮೂರು ದಿನ ಗಂಜಿ ಕುಡಿದೆ. ಹಾಸಿಗೆ ಕೊಡವಿದೆವು, ಸೋಫಾ ಮಗುಚಿದೆವು. ಹಲ್ಲಿಲ್ಲದ ಬಾಯಲ್ಲಿ ಅಪರಿಚಿತರ ಮನೆಗೆ ಹೋಗಿ ತೊಟ್ಟಿಲು ಕೇಳುವುದು ಹೇಗೆ? ನೋಡಿದವರು ತೊಟ್ಟಿಲು ನನಗೇ ಅಂದುಕೊಂಡಾರು.

ನಾಲ್ಕನೇ ದಿನ ಸೊಸೆ ಚೀಲದಲ್ಲಿ ಇನ್ನೊಂದು ಟವೆಲ್ ಇಡಲು ಹೋಗಿ ಚೀರಿದಳು. ಎಲ್ಲರೂ ಓಡಿದೆವು. ಚೀಲದ ತಳದಿಂದ ಒಂದೊಂದಾಗಿ ಹೊರಬಂದವು. ಅರ್ಧ ಕಚ್ಚಿದ ರಸ್ಕು, ಎಂಟು ದಿನದಿಂದ ಹುಡುಕುತ್ತಿದ್ದ ಟಿವಿ ರಿಮೋಟು, ಚಕ್ರ ಕಳಚಿದ ಒಂದು ಕಾರು, ಕೊನೆಗೆ ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿದ ನನ್ನ ಹಲ್ಲುಸೆಟ್ಟು.

ಎಲ್ಲರ ಕಣ್ಣೂ ಚಿಕ್ಕೋನ ಕಡೆ ತಿರುಗಿತು. ಕಾರು ಕೊಡಲ್ಲ ಅಂದವನು ಯಾವಾಗಲೋ ಮನಸ್ಸು ಬದಲಾಯಿಸಿದ್ದ.

"ಯಾಕೋ ತಾತನ ಹಲ್ಲು ಇಟ್ಟೆ?" ಅಂದಳು ಅವನಮ್ಮ.

"ಪಾಪುಗೆ. ಪಾಪುಗೆ ಹಲ್ಲು ಇರಲ್ಲ ಅಂತ ತಾತನೇ ಹೇಳಿದ್ದು."

"ತಾತನಿಗೆ ಬೇಡ್ವೇನೋ?" ಅಂದೆ ನಾನು, ಬರಿ ಒಸಡಿನಲ್ಲಿ.

ಅವನು ನನ್ನ ಬಾಯನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಸಮಾಧಾನ ಹೇಳುವವನ ಹಾಗೆ ನನ್ನ ಮಂಡಿ ತಟ್ಟಿದ. "ಪಾಪುದು ತಿಂದಾದ ಮೇಲೆ ನೀನು ತಿನ್ನು ತಾತ."

ಕೆಂಗೇರಿಯಿಂದ ಬಂದ ಕೂಸು

ಒಂಬತ್ತು ತುಂಬಲು ಹತ್ತು ದಿನ ಇದ್ದಾಗ ಕೆಂಗೇರಿಗೆ ಹೊರಟೆ. ಅಂದು ಬೆಳಿಗ್ಗೆ ಪುಟ್ಟಿ ವ್ಯಾನು ಹತ್ತುವ ಮೊದಲು ಹೇಳಿದ್ದಳು, "ತಾತ, ಸಿಗದಿದ್ರೆ ಅಮ್ಮಂಗೆ ಆಸ್ಪತ್ರೆಗೆ ಹೋಗಬೇಡ ಅಂತ ಹೇಳು." ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಿಜಯನಗರದಲ್ಲಿ ಮೆಟ್ರೊ ಹತ್ತಿದೆ.

ತೊಟ್ಟಿಲು ಇತ್ತು. ನಡುಮನೆಯಲ್ಲೇ ಇತ್ತು. ನಾಲ್ಕೂ ಗಿಳಿ, ಒಂದಕ್ಕೆ ಮೊಂಡು ಕೊಕ್ಕು. ಅದನ್ನು ಮುಟ್ಟಿದಾಗ ವಠಾರದ ನಲ್ಲಿಯ ಸದ್ದು ಕಿವಿಯಲ್ಲಿ ಬಂದ ಹಾಗಾಯಿತು. ಅವರ ಮೊಮ್ಮಗಳಿಗೆ ಹತ್ತು ತಿಂಗಳು, ಈಗ ಅದರಲ್ಲಿ ಮಲಗುವ ಬದಲು ಹತ್ತಿ ಹಾರುತ್ತಿದ್ದಳು.

ಆ ಮನೆಯ ಅಜ್ಜಿ, ಮಲ್ಲತ್ತಹಳ್ಳಿಯವರ ತಂಗಿ, ಸಂತೋಷವಾಗಿ ಕೊಡಲು ಒಪ್ಪಿದರು. ಆದರೆ ಶಾಸ್ತ್ರ ಬಿಡಲು ಒಪ್ಪಲಿಲ್ಲ. "ಬಸುರಿ ಇರೋ ಮನೆಗೆ ಬರಿ ತೊಟ್ಲು ಹೋಗಬಾರ್ದು ಕಣಪ್ಪ. ಗುಂಡುಕಲ್ಲು ಮಲಗಿಸಿ ಕಳುಸ್ತೀನಿ."

ಒರಳುಕಲ್ಲಿನಲ್ಲಿ ರುಬ್ಬುವ ಗುಂಡುಕಲ್ಲು. ಹೆಸರಿಡುವ ದಿನ ಮಗುವಿಗಿಂತ ಮೊದಲು ಅದನ್ನು ತೊಟ್ಟಿಲಲ್ಲಿ ಮಲಗಿಸುವುದು ನಮ್ಮಲ್ಲೂ ಇದೆ. ಅಜ್ಜಿ ತಮ್ಮ ಮನೆಯದನ್ನೇ ತೊಳೆದು, ಅರಿಶಿನ ಕುಂಕುಮ ಇಟ್ಟು, ಹಳೆಯ ಮೆತ್ತನೆ ಸೀರೆಯಲ್ಲಿ ಸುತ್ತಿ, ಮೇಲೊಂದು ಕುಲಾವಿ ಹಾಕಿ, ದೃಷ್ಟಿಯಾಗದಿರಲಿ ಅಂತ ಕಾಡಿಗೆಯ ಬೊಟ್ಟನ್ನೂ ಇಟ್ಟರು. "ದಾರೀಲಿ ತೆಗೀಬ್ಯಾಡಿ. ಮನೆ ತಲುಪಿ ಆರತಿ ಆದ ಮೇಲೇ ತೆಗೀಬೇಕು. ಕಲ್ಲು ಮಾತ್ರ ನಂದು, ನಾಮಕರಣಕ್ಕೆ ಬಂದಾಗ ತಗೊಂಡು ಹೋಗ್ತೀನಿ."

ಆಟೊ ಬಂತು. ಸೀಟಿನ ಮೇಲೆ ತೊಟ್ಟಿಲು, ಉಳಿದ ಒಂದು ಅಡಿಯಲ್ಲಿ ನಾನು. ಡ್ರೈವರ್ ಮೂವತ್ತರ ಒಳಗಿನವನು. ಕನ್ನಡಿಯಲ್ಲಿ ಕುಲಾವಿ ನೋಡಿದ.

"ಸಾರ್, ಹೆಂಗಸ್ರು ಯಾರೂ ಜೊತೇಲಿಲ್ವಾ?"

"ಇಲ್ಲಪ್ಪ. ಅವರು ಬರೋ ಸ್ಥಿತೀಲಿಲ್ಲ."

"ಪಾಪ" ಅಂದ. "ನಮ್ಮನೇಲೂ ಮೂರು ತಿಂಗಳ ಮಗಳಿದಾಳೆ ಸಾರ್. ನೀವೇನೂ ಯೋಚ್ನೆ ಮಾಡಬೇಡಿ."

ಆಗಲೇ ಹೇಳಿಬಿಡಬೇಕಿತ್ತು. ಹೇಳುವಷ್ಟರಲ್ಲಿ ಅವನು ಗಾಡಿಯನ್ನು ತಲೆಯ ಮೇಲೆ ದೇವರ ಕಳಶ ಹೊತ್ತವನ ಹಾಗೆ ನಡೆಸತೊಡಗಿದ್ದ. ಮೈಸೂರು ರಸ್ತೆಯಲ್ಲಿ ಸೈಕಲ್ಲುಗಳು ನಮ್ಮನ್ನು ದಾಟಿ ಹೋದವು. ಪ್ರತಿ ಹಂಪ್‌ಗೂ ನಿಲ್ಲಿಸಿ, "ತಲೆ ಹಿಡ್ಕೊಳ್ಳಿ ಸಾರ್" ಅನ್ನುವನು. ನಾನು ಕಲ್ಲಿನ ತಲೆ ಹಿಡಿದುಕೊಳ್ಳುವೆ.

"ಗಂಡೋ ಹೆಣ್ಣೋ ಸಾರ್?"

"ಇನ್ನೂ ಗೊತ್ತಿಲ್ಲ" ಅಂದೆ, ನಿಜವನ್ನೇ.

ಅವನು ಕನ್ನಡಿಯನ್ನು ನನ್ನ ಮುಖದ ಕಡೆಗೆ ತಿರುಗಿಸಿಕೊಂಡ. "ತೂಕ ಎಷ್ಟಿದೆ?"

ಇದನ್ನೂ ಸುಳ್ಳು ಹೇಳಲಿಲ್ಲ. ಸ್ಟೋರ್ಸ್‌ನವನ ಕೈ ಅಂದಾಜು ತಪ್ಪುವುದಿಲ್ಲ. "ಐದು ಕೆಜಿ ಇರಬೇಕು."

"ಹುಟ್ತಾನೇ ಐದು ಕೆಜೀನಾ?"

"ಗಟ್ಟಿ ಇದೆ" ಅಂದೆ.

ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ. ನಮ್ಮ ಡ್ರೈವರ್ ಇಳಿದು ಹೋಗಿ ಕಿಟಕಿ ಕೆಳಗೆ ನಿಂತ. "ಅಣ್ಣ, ಐದು ಕೆಜಿ ಕೂಸು ಮಲಗಿದೆ, ತಾಯಿಗೆ ಹುಷಾರಿಲ್ಲ, ಅಜ್ಜ ಒಬ್ರೇ ಕರ್ಕೊಂಡು ಹೋಗ್ತಾವ್ರೆ. ಎರಡು ನಿಮಿಷ ಸುಮ್ನಿರು." ಮಾತು ಗಾಡಿಯಿಂದ ಗಾಡಿಗೆ ಹರಡಿತು. ನಾಯಂಡಹಳ್ಳಿ ಸಿಗ್ನಲ್ಲು ಅಷ್ಟು ಹೊತ್ತು ನಿಶ್ಶಬ್ದವಾಗಿದ್ದದ್ದನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಪಕ್ಕದ ಸ್ಕೂಟರಿನ ಹೆಂಗಸು ಬಗ್ಗಿ ನೋಡಿ, "ಎಷ್ಟು ಸಮಾಧಾನದ ಮಗು ಅಂಕಲ್, ಪುಣ್ಯ ಮಾಡಿದ್ರಿ" ಅಂದಳು. ನಾನು ತಲೆ ತಗ್ಗಿಸಿ ಪುಣ್ಯ ಒಪ್ಪಿಕೊಂಡೆ. ಇನ್ನು ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಆ ಸಿಗ್ನಲ್ಲಿನಿಂದ ಜೀವಸಹಿತ ಬರುತ್ತಿರಲಿಲ್ಲ.

ಚಂದ್ರಾ ಲೇಔಟ್ ದಾಟುವಾಗ ಅವನಿಗೆ ಅನುಮಾನ ಬಂತು. "ಸಾರ್, ಒಂದು ಗಂಟೆ ಆಯ್ತು. ಒಂದ್ಸಲನೂ ಅಲುಗಾಡಲಿಲ್ಲ. ಒಂದ್ಸಲ ಮುಟ್ಟಿ ನೋಡಿ."

ಮುಟ್ಟಿ ನೋಡಿದೆ. "ತಣ್ಣಗಿದೆ" ಅಂದುಬಿಟ್ಟೆ.

ಅಲ್ಲಿಂದ ಆಟೊ ಹಾರಿತು. ಹಂಪ್ ಇಲ್ಲ, ಸಿಗ್ನಲ್ ಇಲ್ಲ. "ಆಸ್ಪತ್ರೆಗೆ ಹೋಗೋಣ ಸಾರ್" ಅಂತ ಅವನು, "ಬೇಡಪ್ಪ, ಮೊದಲು ಮನೆಗೆ, ಆರತಿ ಆಗಬೇಕು" ಅಂತ ನಾನು. ಅವನು ನನ್ನನ್ನು ಕನ್ನಡಿಯಲ್ಲಿ ನೋಡಿದ ನೋಟ ಈಗಲೂ ನೆನಪಿದೆ.

ಮನೆ ಮುಂದೆ ಹೆಂಡತಿ ಆರತಿ ತಟ್ಟೆ ಹಿಡಿದು ಕಾಯುತ್ತಿದ್ದಳು. ಫೋನಿನಲ್ಲಿ ಎಲ್ಲ ಹೇಳಿದ್ದೆ. ಪುಟ್ಟಿ ಸ್ಕೂಲಿನಿಂದ ಬಂದು ಗೇಟಿಗೆ ಅಂಟಿಕೊಂಡಿದ್ದಳು. ತುಂಬಿದ ಹೊಟ್ಟೆಯ ಸೊಸೆ ಬಾಗಿಲಲ್ಲಿ. ಎದುರುಮನೆಯ ಹೆಡ್‌ಮಿಸ್ ಅಂತೂ ಬಂದೇ ಬಂದರು. ಡ್ರೈವರೇ ತೊಟ್ಟಿಲನ್ನು ಎದೆಗೆ ಒತ್ತಿಕೊಂಡು ಇಳಿಸಿ ಮೆಟ್ಟಿಲ ಮೇಲೆ ಇಟ್ಟ. "ಬೇಗ ನೋಡಿ ತಾಯಿ, ಮೈ ತಣ್ಣಗಿದೆಯಂತೆ" ಅಂದ.

ಹೆಂಡತಿ ಗಡಿಬಿಡಿ ಮಾಡಲಿಲ್ಲ. ಆರತಿ ಎತ್ತಿದಳು. ತಟ್ಟೆ ಕೆಳಗಿಟ್ಟಳು. ಆಮೇಲೆ ಒಂದೇ ಕೈಯಲ್ಲಿ ಕುಲಾವಿಯ ಜುಟ್ಟು ಸಮೇತ ಕೂಸನ್ನು ಮೇಲಕ್ಕೆತ್ತಿ, "ಅಬ್ಬಾ, ಏನು ಭಾರ ಇದು" ಅಂತ ಜಗಲಿಯ ಮೇಲೆ ಧಡ್ ಅಂತ ಕುಕ್ಕಿದಳು.

ಡ್ರೈವರ್ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಅಲ್ಲೇ ಕುಸಿದು ಕೂತ.

ಪುಟ್ಟಿ ಹತ್ತಿರ ಹೋಗಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಅಂಕಲ್, ಅದು ಕಲ್ಲು. ನಮ್ಮ ಪಾಪು ಇನ್ನೂ ಅಮ್ಮನ ಹೊಟ್ಟೇಲೇ ಇದೆ, ನೋಡಿ." ಅವನು ಬಾಗಿಲಲ್ಲಿದ್ದ ಸೊಸೆಯನ್ನು ನೋಡಿದ, ಕಲ್ಲನ್ನು ನೋಡಿದ, ನನ್ನನ್ನು ತುಂಬಾ ಹೊತ್ತು ನೋಡಿದ. ಆಮೇಲೆ ನಗಲು ಶುರುಮಾಡಿದವನು ಕಾಫಿ ಲೋಟ ಕೈಗೆ ಕೊಟ್ಟರೂ ನಿಲ್ಲಿಸಲಿಲ್ಲ. "ಸಾರ್, ಬಸ್ಸಿನ ಅಣ್ಣನಿಗೆ ಏನು ಹೇಳ್ಲಿ ಸಾರ್" ಅಂತ ಕಣ್ಣೊರೆಸಿಕೊಂಡ.

ತನ್ನ ಮಗಳು ಸೀರೆಯ ಜೋಲಿಯಲ್ಲಿ ಮಲಗುತ್ತಾಳೆ ಅಂತ ಅವನು ಹೇಳಿದ್ದು ಪುಟ್ಟಿಗೆ ಕೇಳಿಸಿತು. "ನಮ್ಮ ಪಾಪು ದೊಡ್ಡದಾದ ಮೇಲೆ ನಿಮಗೆ ತೊಟ್ಟಿಲು ಕೊಡ್ತೀವಿ" ಅಂದಳು.

"ಅಷ್ಟೊತ್ತಿಗೆ ನನ್ನ ಮಗಳು ಓಡಾಡ್ತಿರ್ತಾಳೆ ಮರಿ."

"ಪರವಾಗಿಲ್ಲ. ಇನ್ನೊಂದು ತನ್ನಿ."

ಹೆಸರಿಟ್ಟ ದಿನ

ತೊಟ್ಟಿಲು ಬಂದ ಹನ್ನೊಂದನೆಯ ದಿನಕ್ಕೆ ಸರಿಯಾಗಿ ಹೆರಿಗೆ ಆಯಿತು. ಹೆಣ್ಣು, ಮೂರು ಕೆಜಿ. ಡ್ರೈವರಿಗೆ ಫೋನ್ ಮಾಡಿ ಹೇಳಿದಾಗ "ಅಷ್ಟೇನಾ ಸಾರ್?" ಅಂದ.

ಆಸ್ಪತ್ರೆಯಿಂದ ಮನೆಗೆ ತಂದ ಕೂಡಲೇ ಪುಟ್ಟಿ ಮಗುವನ್ನು ಎತ್ತಿಕೊಳ್ಳಲಿಲ್ಲ, ಮುತ್ತು ಕೊಡಲಿಲ್ಲ. "ಮೊದಲು ಹಾಕಿ" ಅಂದಳು. ನಾಮಕರಣದ ಶಾಸ್ತ್ರಕ್ಕೂ ಮೊದಲೇ ತೊಟ್ಟಿಲಿಗೆ ಹಾಕುವುದು ಹೇಗೆ ಅಂತ ಹೆಂಡತಿ ಅನುಮಾನಿಸಿದಳು. ಪುಟ್ಟಿಯ ಮುಖ ನೋಡಿ ನಾನೇ ಹೇಳಿದೆ, "ಹಾಕೇ, ಒಂದು ನಿಮಿಷ." ಪುಟ್ಟಿಯ ಹಟಕ್ಕೆ ಅವತ್ತೇ ಮತ್ತೆ ತೊಟ್ಟಿಲು ಸೇರಿದ್ದ ಕಲ್ಲಿನ ಪಕ್ಕ ಜಾಗ ಮಾಡಿ ಮಲಗಿಸಿದೆವು. ಪುಟ್ಟಿ ಬಾಗಿ ನೋಡಿದಳು. ಮೊಂಡು ಕೊಕ್ಕಿನ ಗಿಳಿ ಹಿಡಿದು ಮೆತ್ತಗೆ ಒಂದು ಸಲ ತೂಗಿದಳು. ಐದು ತಿಂಗಳಿಂದ ಹಿಡಿದಿದ್ದ ಉಸಿರನ್ನು ಬಿಟ್ಟವಳ ಹಾಗೆ, "ಈಗ ನಮ್ಮನೇದು" ಅಂದಳು. ನಾನು ಕನ್ನಡಕ ಒರೆಸಿಕೊಂಡೆ. ಹೆಂಡತಿಯೂ ಒರೆಸಿಕೊಂಡಳು, ಅವಳಿಗೆ ಕನ್ನಡಕವಿಲ್ಲದಿದ್ದರೂ.

ನಾಮಕರಣಕ್ಕೆ ಕರೆಯುವವರ ಪಟ್ಟಿ ಪುಟ್ಟಿಯೇ ಮಾಡಿದಳು. ಕುರುಬರಹಳ್ಳಿಯ ಹುಡುಗ ಬಂದ, ಮಲ್ಲತ್ತಹಳ್ಳಿಯ ದೊಡ್ಡ ಮಗು ಬಂತು, ಕೆಂಗೇರಿಯದು ಅಜ್ಜಿಯ ಸೊಂಟದ ಮೇಲೆ ಬಂತು. "ಇವರೆಲ್ಲ ನಮ್ಮನೆಯವರು" ಅಂತ ಪುರೋಹಿತರಿಗೆ ಪರಿಚಯ ಮಾಡಿಸಿದಳು. ಅವರು ಎಣಿಸಿ ನೋಡಿ, ಸೊಸೆಯ ಕಡೆ ಗೌರವದಿಂದ ತಿರುಗಿದರು. ಡ್ರೈವರ್ ಹೆಂಡತಿ ಮಗಳೊಂದಿಗೆ ಬಂದಿದ್ದ.

ಊಟವಾಯಿತು, ಹೊರಡುವ ಹೊತ್ತಾಯಿತು. ಕೆಂಗೇರಿಯ ಅಜ್ಜಿ ಎಲೆ ಅಡಿಕೆ ತಗೊಂಡು, "ನನ್ನ ಗುಂಡುಕಲ್ಲು ಕೊಡವ್ವ, ಹೊರಡ್ತೀನಿ" ಅಂದರು.

ಪುಟ್ಟಿ ತೊಟ್ಟಿಲಿಗೆ ಅಡ್ಡ ನಿಂತಳು. "ಕೊಡಲ್ಲ. ಅದೂ ತೊಟ್ಟಿಲಲ್ಲಿ ಮಲಗಿದೆ. ಪಾಪುಗಿಂತ ಜಾಸ್ತಿ ದಿನ ಮಲಗಿದೆ."

ಅಜ್ಜಿ ನನ್ನನ್ನು ನೋಡಿದರು. ಸಿದ್ಧಾಂತ ನನ್ನದೇ. ಕೊನೆಗೆ ನಮ್ಮ ಅಡಿಗೆಮನೆಯಲ್ಲಿ ಮಿಕ್ಸಿ ಬಂದಾಗಿನಿಂದ ಮೂಲೆ ಸೇರಿದ್ದ ನಮ್ಮ ಗುಂಡುಕಲ್ಲನ್ನು ತೊಳೆದು ಅವರಿಗೆ ಕೊಟ್ಟೆವು. ಅಜ್ಜಿ ಕೈಯಲ್ಲಿ ತೂಗಿ ನೋಡಿ, "ಹೆಣ್ಣು ಕೊಟ್ಟು ಹೆಣ್ಣು ತಂದಂಗಾಯ್ತು" ಅಂತ ನಗುತ್ತಾ ಹೋದರು. ಈ ಸಲ ಚೀಟಿ ಬರೆದು ಸಹಿ ಹಾಕಿಸಿಕೊಂಡಿದ್ದೇನೆ.

ಮಗುವಿಗೆ ಈಗ ಎಂಟು ತಿಂಗಳು. ಕಲ್ಲು ಕುಲಾವಿ ಹಾಕಿಕೊಂಡು ತ್ರಿಚಕ್ರ ಸೈಕಲ್ಲಿನ ಪಕ್ಕ ಕೂತಿದೆ. ಚಿಕ್ಕೋನು ದಿನಾ ಅದಕ್ಕೆ ರಸ್ಕು ತಿನ್ನಿಸುತ್ತಾನೆ, ನಾನು ದಿನಾ ನನ್ನ ಹಲ್ಲು ಎಣಿಸಿಕೊಳ್ಳುತ್ತೇನೆ. ಆ ಡ್ರೈವರ್ ಮಾತ್ರ ನಮ್ಮ ರಸ್ತೆಯಲ್ಲಿ ಹಾದುಹೋದಾಗಲೆಲ್ಲ ಗಾಡಿ ನಿಧಾನ ಮಾಡಿ ತಪ್ಪದೆ ವಿಚಾರಿಸುತ್ತಾನೆ.

"ಸಾರ್, ಚಿಕ್ಕದು ಹೆಂಗಿದೆ?"

"ಚೆನ್ನಾಗಿದೆ ಕಣಪ್ಪ, ಎಂಟು ಕೆಜಿ ಆಯ್ತು."

"ಮತ್ತೆ ದೊಡ್ಡದು?"

"ಅದರದ್ದೇ ಯೋಚನೆ. ಅವತ್ತಿನಿಂದ ಒಂದು ಗ್ರಾಮೂ ಏರಿಲ್ಲ."